ಒಂಬತ್ತನೇ ಅಧ್ಯಾಯದ ನಾಯಿ

ಕ್ಯಾಮ್ಡನ್ ಟೌನ್, ಲಂಡನ್
ಗುರುವಾರ, 19 ನವೆಂಬರ್ 1953

ಪ್ರೀತಿಯ ಚಿಕ್ಕಮ್ಮಾ,

ನಿನ್ನ ಮಂಡಿನೋವು ಹೇಗಿದೆ? ವಿಟ್ಬಿಯ ಸಮುದ್ರದ ಗಾಳಿಗೆ ಇನ್ನಷ್ಟು ಹಿಡಿದುಕೊಂಡಿರಬೇಕು. ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳದೆ ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟಿದ್ದೀಯೆಂದು ನನಗೆ ಗೊತ್ತು. ಬೆಣ್ಣೆ ತಲುಪಿತು. ರೇಷನ್ನಿನಲ್ಲಿ ನಿನಗೆ ಸಿಗುವುದೇ ಒಂದು ಚೂರು, ಅದರಲ್ಲೂ ನನಗೆ ಪಾಲು ಕಳಿಸುತ್ತೀಯಲ್ಲ. ಈ ಸಲದ್ದನ್ನು ಇನ್ನೂ ಮುಟ್ಟಿಲ್ಲ.

ಜೊತೆಗಿದ್ದ ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅರವತ್ತಮೂರನೇ ವಯಸ್ಸಿನಲ್ಲಿ, ಯಾರಿಗೂ ಸುಳಿವು ಕೊಡದೆ, ಆರ್ನಲ್ಡ್ ಸ್ಕೇಫ್ ಎಂಬ ಗಂಡಸಿನ ಹೆಸರಿನಲ್ಲಿ ಕಾದಂಬರಿ ಬರೆದು ಅಚ್ಚು ಹಾಕಿಸಿದವಳು ನೀನು ಎಂದು ತಿಳಿದಾಗ ಕೈಯಲ್ಲಿದ್ದ ಚಹಾ ಮಡಿಲಿಗೆ ಚೆಲ್ಲಿತು. ಮನೆಯೊಡತಿ ಮಿಸೆಸ್ ಗೋರ್ ಒರೆಸುವ ಬಟ್ಟೆ ತಂದುಕೊಟ್ಟು, "ಯಾರಮ್ಮಾ ಹೋಗಿಬಿಟ್ರು? ಮುಖದಲ್ಲಿ ರಕ್ತಾನೇ ಇಲ್ವಲ್ಲ" ಅಂದಳು. ಯಾರೂ ಇಲ್ಲ ಅಂದೆ.

ಆ ಪುಸ್ತಕದ ಬಗ್ಗೆ ನನ್ನ ವಾರಪತ್ರಿಕೆಯಲ್ಲೇ ಬಂದ ಸಾಲುಗಳನ್ನು ಕತ್ತರಿಸಿ ಕಳಿಸಿದ್ದೀಯ. "ಮೊದಲ ಅಧ್ಯಾಯದಲ್ಲಿ ಅಷ್ಟು ಬೊಗಳಿದ ನಾಯಿ ಕೊನೆಗೆ ಎಲ್ಲಿ ಹೋಯಿತು? ಶ್ರೀ ಸ್ಕೇಫ್ ಮರೆತೇಬಿಟ್ಟಿದ್ದಾರೆ. ತಾವು ಸಾಕಿದ ನಾಯಿಯನ್ನೇ ನೆನಪಿಡದವರು ಮನುಷ್ಯರ ಕಥೆ ಬರೆಯುವ ಗೋಜಿಗೆ ಹೋಗಬಾರದು." ಅದರ ಕೆಳಗೆ ನಿನ್ನ ಅಕ್ಷರ: "ಇದನ್ನ ಬರೆದೋರು ಯಾರು ಅಂತ ನಿನಗೆ ಗೊತ್ತಿರುತ್ತೆ ಕಣೇ ಫೀಬಿ. ಅವರನ್ನ ಬೈಬೇಡ. ನಾಯಿ ಸಾಯೋದು ಒಂಬತ್ತನೇ ಅಧ್ಯಾಯದಲ್ಲಿ. ಪಾಪ, ಅವರಿಗೆ ಹೋದ ಪ್ರತೀಲಿ ಆ ಹಾಳೆಗಳೇ ಬಿಟ್ಟುಹೋಗಿರಬೇಕು. ಆದ್ರೂ ಬಲ್ಲವರು ಹೇಳಿದ ಮೇಲೆ ಮುಗೀತು. ಎರಡನೇದು ಮುಕ್ಕಾಲು ಬರೆದಿದ್ದೆ, ಭಾನುವಾರ ಒಲೆಗೆ ಹಾಕ್ತೀನಿ."

ಬರೆದವಳು ನಾನು, ಚಿಕ್ಕಮ್ಮ.

ನಮ್ಮ ಪತ್ರಿಕೆಯಲ್ಲಿ ವಿಮರ್ಶೆಗೆ ಸಹಿ ಇರುವುದಿಲ್ಲ. ಹೆಸರಿಲ್ಲದಿದ್ದರೆ ನ್ಯಾಯ ನೇರವಾಗಿರುತ್ತದೆ ಎಂದು ಸಂಪಾದಕರ ನಂಬಿಕೆ. ಹೆಸರಿಲ್ಲದಿದ್ದರೆ ನಾಲಿಗೆಗೆ ಲಂಗುಲಗಾಮಿಲ್ಲ, ಇದು ನನ್ನ ಅನುಭವ. ಗುರುವಾರ ಆರು ಕಾದಂಬರಿಗಳ ಕಟ್ಟು ಬರುತ್ತದೆ, ಸೋಮವಾರ ಬರಹ ಕೊಡಬೇಕು. "ಹೆಸರು ಮಾಡಿದೋರಿಗೆ ಒಂದೊಂದು ಪ್ಯಾರಾ ಕೊಡಿ. ಹೊಸಬರನ್ನ ನಾಲ್ಕು ಸಾಲಲ್ಲಿ ಮುಗಿಸಿ. ಓದೋರು ನಗಬೇಕು, ಅಷ್ಟೇ" ಎನ್ನುತ್ತಾರೆ ಅವರು. ನಗಿಸುವುದು ನನಗೆ ಚೆನ್ನಾಗಿ ಬರುತ್ತದೆ. ನಾಯಿಯ ಸಾಲನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ನನ್ನ ಐದು ಕಾದಂಬರಿಗಳನ್ನೂ ಎರಡೆರಡು ಸಲ ಓದಿ, ಯಾವ ಪುಟದಲ್ಲಿ ಕಣ್ಣೀರು ಬಂತು ಎಂದು ಬರೆದು ತಿಳಿಸಿದವಳು. ನಿನಗೆ ನಾನು ಮಾಡಿದ್ದು ಇದು. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ಯಾರೋ ಬೇರೆಯವರ ಪುಸ್ತಕ ಎಂದುಕೊಂಡಿದ್ದೆ ಎಂದು ಈಗ ತಾನೇ ಬರೆದು, ಹೊಡೆದುಹಾಕಿದೆ. ಬೇರೆಯವರದಾಗಿದ್ದರೆ ಮಾಡಬಹುದಿತ್ತೇ?

ಎಣ್ಣೆ ಹಚ್ಚಿಕೋ. ಪಕ್ಕದ ಮನೆಯ ಮಿಸ್ ಡಾಸನ್ ಅವರನ್ನು ಕೇಳಿದೆನೆಂದು ಹೇಳು. ನಿನ್ನ ಆಶೀರ್ವಾದ ಕೇಳುವ ಮುಖ ಈ ಸಲ ನನಗಿಲ್ಲ.

ನಿನ್ನ,
ಫೀಬಿ

ತಾ.ಕ.: ಟಪಾಲಿನವನು ಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಹೇಳದೆ ಬಿಟ್ಟದ್ದನ್ನು ಹೇಳಿಬಿಡುತ್ತೇನೆ. ನನ್ನ ಪ್ರತಿಯಲ್ಲಿ ಒಂದು ಹಾಳೆಯೂ ಬಿಟ್ಟುಹೋಗಿರಲಿಲ್ಲ. ಮೊದಲ ನಲವತ್ತು ಪುಟ, ಕೊನೆಯ ಹತ್ತು ಪುಟ ಓದಿ ಬರೆದೆ. ಹೊಸಬರ ಪುಸ್ತಕವನ್ನು ನಾವೆಲ್ಲ ಹಾಗೆಯೇ ಓದುವುದು. ಒಂಬತ್ತನೇ ಅಧ್ಯಾಯವನ್ನು ಇವತ್ತು ಬೆಳಿಗ್ಗೆ ಓದಿದೆ. ನಾಯಿ ಸತ್ತ ದಿನ ಬಾಗಿಲು ಹಾಕಿಕೊಂಡು ಕೂತ ಆ ತಾಯಿಯಿಲ್ಲದ ಹುಡುಗಿ ನಾನೇ, ಆ ನಾಯಿ ನನ್ನ ಟಾಫಿ. ಹೊರಗೆ ಮೆಟ್ಟಿಲ ಮೇಲೆ ಒಂದು ಮಾತೂ ಆಡದೆ ಸಂಜೆಯವರೆಗೂ ಒಬ್ಬ ಹೆಂಗಸು ಕೂತಿರುತ್ತಾಳಲ್ಲ, ನೀನು ಹಾಗೆ ಕೂತಿದ್ದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎರಡನೆಯದನ್ನು ಸುಡಬೇಡ. ಶನಿವಾರದ ರೈಲಿಗೆ ಬರುತ್ತಿದ್ದೇನೆ. ಬಾಗಿಲು ತೆಗೆಯಲು ಮನಸ್ಸಾಗದಿದ್ದರೆ ತೆಗೆಯಬೇಡ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.