ಮೋರೇರ ಮನೆಯ ಬಾಗಿಲು

ಮೋರಿಗೂ ಮೋರೇರಿಗೂ ವ್ಯತ್ಯಾಸ ತಿಳಿಯದ ಕಾಮಗಾರಿ ಅಧಿಕಾರಿಗಳೇ,

ಸಂತೆಕಲ್ಲೂರಿನಾಚೆ ನಮ್ಮೂರ ಗುಡ್ಡದ ಮೇಲಿದ್ದ ಕಲ್ಲಿನ ಗೋರಿಯನ್ನು ತಾವು ಕೆಡವಿಸಿ, ಅದರ ಮುಂಬದಿಯ ಚಪ್ಪಡಿಯನ್ನು ಬಸ್ ಸ್ಟಾಪಿನ ಚರಂಡಿಗೆ ಮುಚ್ಚಳ ಮಾಡಿಸಿದ್ದೀರಿ. ಮಸ್ಕಿಯ ಅಶೋಕನ ಶಾಸನಕ್ಕಿಂತ ಹಳೆಯದೆಂದು ಓದಿದವರು ಹೇಳುತ್ತಿದ್ದ ಗೋರಿಯದು. ನಮ್ಮ ಜನ ಅದನ್ನು ಮೋರೇರ ಮನೆ ಎನ್ನುತ್ತಾರೆ. ಮೂರು ಗೇಣಿನ ಮೋರೇರು ಎಂಬ ಜನ ಕಟ್ಟಿಕೊಂಡ ಮನೆಯಂತೆ, ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿಯೇ ಅದರ ಬಾಗಿಲಂತೆ. ತಮ್ಮ ಕಿವಿಗೆ ಬಿದ್ದದ್ದು ಮಾತ್ರ ಮೋರಿ. ಗುಡ್ಡದ ನೆತ್ತಿಯ ಮೇಲೆ ಯಾರ ಬಚ್ಚಲ ನೀರಿಗೆ ಮೋರಿ ಕಟ್ಟಿದ್ದರು ಎಂದು ಒಮ್ಮೆಯಾದರೂ ಕೇಳಿಕೊಂಡಿರಾ? ಅಷ್ಟು ಯೋಚಿಸಲು ಎಂಜಿನಿಯರಿಂಗ್ ಓದಬೇಕಿಲ್ಲ.

ನಾವು ಬುದ್ಧವಂದನೆ ಹೇಳುವ ಮನೆಯವರು. ನಮ್ಮವ್ವ ಯಂಕಮ್ಮ ಅದನ್ನೂ ಬಿಟ್ಟಿಲ್ಲ, ಮೋರೇರನ್ನೂ ಬಿಟ್ಟಿಲ್ಲ. ಹೊಸ ಜೋಳದ ಮೊದಲ ರೊಟ್ಟಿಯನ್ನು ಆ ಕಿಂಡಿಯ ಮುಂದಿಟ್ಟ ಮೇಲೆಯೇ ನಾವು ಉಣ್ಣುವುದು. ಈ ಸುಗ್ಗಿಯಲ್ಲೂ ನಾನು ಸಿಂಧನೂರಿನಿಂದ ಹೋಗಿ, ಮೊಣಕಾಲು ನೋವಿನ ಅವ್ವನನ್ನು ಕೈಹಿಡಿದು ಗುಡ್ಡ ಹತ್ತಿಸಿದೆ. ಅಲ್ಲಿ ಒಂದು ತಗ್ಗು, ಜೆಸಿಬಿ ಓಡಾಡಿದ ಗುರುತು.

"ಬ್ಯಾರೆ ಗುಡ್ಡಕ್ಕ ಕರ್ಕೊಂಡು ಬಂದೀಯೇನ, ಮಿತ್ರಾ?" ಎಂದಳು ಅವ್ವ.

ಬಸ್ ಸ್ಟಾಪಿನ ಚರಂಡಿ ಕೆಲಸ ತಮ್ಮದೆಂದು ಗೊತ್ತಿತ್ತು, ಅಲ್ಲಿಂದಲೇ ತಮಗೆ ಫೋನು ಮಾಡಿದೆ. "ಮೋರಿ ಕಲ್ಲು ಮೋರಿಗೇ ಹಾಕೀವಲ್ರೀ, ತಪ್ಪೇನೈತಿ?" ಎಂದು ನಕ್ಕಿರಿ. ಆ ನಗು ನನಗೆ ಇನ್ನೂ ಅಸಹ್ಯ ಹುಟ್ಟಿಸುತ್ತದೆ.

ಕೆಳಗಿಳಿದು ಬಸ್ ಸ್ಟಾಪಿಗೆ ಬಂದೆವು. ಚರಂಡಿಯ ಮೇಲೆ ಚಪ್ಪಡಿ ಅಂಗಾತ ಬಿದ್ದಿತ್ತು. ಕಿಂಡಿಯ ಸುತ್ತ ಎಲೆ ಅಡಿಕೆಯ ಉಗುಳು, ಚಹಾದ ಕಪ್ಪುಗಳು. ಅವ್ವ ಸೆರಗಿನಿಂದ ಕಲ್ಲು ಒರೆಸಿ, ಗಂಟು ಬಿಚ್ಚಿ, ರೊಟ್ಟಿಯನ್ನು ಅಲ್ಲೇ ಇಟ್ಟಳು. ಆಟೋದವರು ನೋಡುತ್ತಿದ್ದರು. ಬೇಡ ಎಂದೆ.

"ಮನಿ ಕೆಡವ್ಯಾರ, ಬಾಗಿಲರ ಉಳದೈತಲ್ಲ," ಎಂದಳು. "ಒಳಗ ಯಾರರ ಇದ್ರ ಹಸದಿರ್ತಾರ."

ಅಧಿಕಾರಿಗಳೇ, ಆ ಚಪ್ಪಡಿಯನ್ನು ತೊಳೆಸಿ, ಗುಡ್ಡಕ್ಕೆ ಸಾಗಿಸಿ, ಕಿಂಡಿ ಮೊದಲಿನಂತೆ ಮೂಡಲಿಗೆ ಬರುವಂತೆ ನಿಲ್ಲಿಸಿ. ಚರಂಡಿಗೆ ಮುಚ್ಚಳ ಬೇಕಿದ್ದರೆ ತಮ್ಮ ಕಚೇರಿಯ ಶಂಕುಸ್ಥಾಪನೆಯ ಕಲ್ಲು ಇದೆಯಲ್ಲ, ತಮ್ಮ ಹೆಸರು ಕೆತ್ತಿದ್ದು, ಅದನ್ನು ಹಾಕಿಸಿ. ಇದು ಮುಂದಿನ ಸುಗ್ಗಿಯೊಳಗೆ ಆಗಬೇಕು. ಆ ಮೊಣಕಾಲಲ್ಲಿ ಅವ್ವ ಇನ್ನೆಷ್ಟು ಸುಗ್ಗಿ ಗುಡ್ಡ ಹತ್ತುತ್ತಾಳೋ ನನಗೆ ಗೊತ್ತಿಲ್ಲ.

ಇಂತಿ,
ಚರಂಡಿಗೆ ರೊಟ್ಟಿ ಇಟ್ಟವಳ ಮಗಳು,
ಸಂಘಮಿತ್ರಾ, ಸಿಂಧನೂರು