ಇಲ್ಲಿ ನಿನ್ನೆಯ ಊಟ ಸಿಗುತ್ತದೆ

ನೌಬಾದ, ಬೀದರ
ರವಿವಾರ, ೧೭ ನವೆಂಬರ್ ೨೦೨೪

ಜಿಜಾಬಾಯಿ ಪಂಢರಿ ಸಿಂಧೆ, ನಿವೃತ್ತ ಕನ್ನಡ ಶಿಕ್ಷಕಿ, ಔರಾದ, ಭಾಲ್ಕಿ ಮತ್ತು ಬೀದರಿನ ಸರಕಾರಿ ಶಾಲೆಗಳಲ್ಲಿ ಒಟ್ಟು ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿದವಳು, ತನ್ನ ತಮ್ಮನಿಗೆ ಬರೆಯುವ ಪತ್ರ.

ಪ್ರೀತಿಯ ವಿಶ್ವಾಸಾ, ಜೈಭೀಮ.

ಮೇಲಿನ ಸಾಲು ನೋಡಿ ನಗಬೇಡ. ತಮ್ಮನಿಗೆ ಬರೆಯುವ ಪತ್ರದಲ್ಲಿ ಸೇವಾವಧಿ ಯಾಕೆ ಎಂದು ನೀನು ಹೆಂಡತಿ ಮಹಾಮಾಯಾಳ ಮುಂದೆ ಹಾಸ್ಯ ಮಾಡುವುದು ನನಗೆ ಇಲ್ಲಿಂದಲೇ ಕೇಳಿಸುತ್ತದೆ. ಈ ಪತ್ರದ ಒಂದು ಪ್ರತಿಯನ್ನು ನಮ್ಮ ಬಡಾವಣೆಯ ಸಂಘಕ್ಕೂ ಕೊಡುವ ವಿಚಾರವಿದೆ; ಬರೆದವರು ಯಾರೆಂಬುದು ಮೊದಲೇ ಸ್ಪಷ್ಟವಾಗಿರಲಿ ಎಂದು ಹಾಗೆ ಬರೆದೆ. ನಿನ್ನ ರಕ್ತದೊತ್ತಡ ಈಗ ಹೇಗಿದೆ? ಮಾತ್ರೆಯನ್ನು ನೆನಪಾದಾಗ ನುಂಗುವ ನಿನ್ನ ಪದ್ಧತಿ ಬಿಟ್ಟೆಯೋ ಇಲ್ಲವೋ? ಮಹಾಮಾಯಾಳ ಮೊಣಕಾಲಿಗೆ ಸೊಲ್ಲಾಪುರದ ಚಳಿ ಒಗ್ಗುವುದಿಲ್ಲ. ಬೆಳಗ್ಗೆ ಬಿಸಿಲು ಬಂದ ಮೇಲೆಯೇ ಅವಳು ಹೊರಗೆ ಬರಲಿ. ನನ್ನ ಕಣ್ಣಿನ ಪೊರೆ ತೆಗೆದ ಮೇಲೆ ಲೋಕವೆಲ್ಲ ತೊಳೆದಿಟ್ಟಂತೆ ಕಾಣುತ್ತಿದೆ. ಎದುರು ರಸ್ತೆಯ ಅಂಗಡಿಗಳ ಫಲಕಗಳನ್ನು ಜಗಲಿಯಲ್ಲಿ ಕುಳಿತೇ ಓದುತ್ತೇನೆ. ಓದಿದ ಮೇಲೆ ಸಂಕಟವೂ ಆಗುತ್ತದೆ. ಇಡೀ ನೌಬಾದಿನಲ್ಲಿ ಒತ್ತಕ್ಷರ ಸರಿಯಾಗಿದ್ದ ಫಲಕ ಒಂದೇ ಒಂದು; ಅದರ ಕಥೆ ಮುಂದೆ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ನೀನು ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಅಕ್ಕಾ, ಆ ಗಾಡಿ-ಗೀಡಿ ನಮ್ಮ ಜಾಗದಾಗ ಬ್ಯಾಡವಾ. ಇವತ್ತ ಗಾಡಿ ಅಂತಾರ, ನಾಳಿ ತಗಡ ಹಾಕ್ತಾರ, ಆಮ್ಯಾಲ ಕೋರ್ಟಿಗೆ ಓಡ್ಯಾಡೋರು ಯಾರು?" ಹೀಗೆಂದು ನನ್ನ ಉತ್ತರ ಕೇಳದೆ ಫೋನು ಇಟ್ಟೆ. ನಮ್ಮ ಮನೆಯ ಕಂಪೌಂಡಿಗೂ ರಸ್ತೆಗೂ ನಡುವೆ ಇರುವ ಆ ಮೂಲೆ ನಮ್ಮಿಬ್ಬರ ಹೆಸರಿನಲ್ಲಿದೆ. ಮುನ್ನಿಬೀಯ ತಿಂಡಿ ಗಾಡಿ ಇಷ್ಟು ವರ್ಷ ರಸ್ತೆಯ ಅಂಚಿನಲ್ಲಿ, ಚರಂಡಿಯ ಕಲ್ಲುಹಾಸಿನ ಮೇಲೆ ನಿಲ್ಲುತ್ತಿತ್ತು. ಇನ್ನು ಅಲ್ಲಿ ನಿಲ್ಲುವಂತಿಲ್ಲ ಎಂದು ನಗರಸಭೆಯವರು ಹೇಳಿದ್ದಾರೆ. ಜಾಗದ ಮಾಲೀಕರು ಬರಹದಲ್ಲಿ ಒಪ್ಪಿಗೆ ಕೊಟ್ಟರೆ ಖಾಸಗಿ ಜಾಗದಲ್ಲಿ ನಿಲ್ಲಬಹುದು. ಇಲ್ಲವಾದರೆ ಗಾಡಿ ಎತ್ತುತ್ತಾರೆ. ಒಪ್ಪಿಗೆ ಕೊಡಬಾರದೆಂದು ಸಂಘದವರು ನಿನಗೆ ಪತ್ರ ಬರೆದರು, ನೀನು ಅದನ್ನು ನಂಬಿದೆ. ಆ ಪತ್ರದಲ್ಲಿ ಸಂಗತಿಯ ಅರ್ಧ ಮಾತ್ರ ಇದೆ. ಉಳಿದರ್ಧವನ್ನು ಕೇಳು.

ಮುನ್ನಿಬೀಯನ್ನು ನೀನು ಬಲ್ಲೆ. ಬೆಳಗ್ಗೆ ಖಿಚಡಿ ಮತ್ತು ಹುಣಸೆಯ ಖಟ್ಟಾ, ಸಂಜೆ ಮಂಡಕ್ಕಿಯ ಸುಸಲಾ ಮತ್ತು ಮಿರ್ಚಿ ಭಜಿ. ಹೋದ ಸಲ ಬಂದಾಗ ನೀನೇ ಎರಡು ಪ್ಲೇಟು ಖಿಚಡಿ ತಿಂದು, ಮೂರನೆಯದಕ್ಕೆ ನನ್ನ ಮುಖ ನೋಡಿದ್ದೆ. ದೀಪಾವಳಿಗೆ ಮುಂಚೆ ಅವಳ ಗಾಡಿಯ ಎದುರಿಗೇ ಧೂಳಪ್ಪ ಎಂಬವರು ಗಾಜಿನ ಬಾಗಿಲಿನ ಫ್ಯಾಮಿಲಿ ರೆಸ್ಟೋರೆಂಟ್ ತೆರೆದರು. ಅಂದಿನಿಂದ ನಮ್ಮ ಬಡಾವಣೆಯಲ್ಲಿ ಎರಡು ಪಕ್ಷ. ಬೆಳಗಿನ ವಾಯುವಿಹಾರಕ್ಕೆ ಹೋದರೆ ಮೊಣಕಾಲಿನ ಮಾತಿಲ್ಲ, ಮೊಮ್ಮಕ್ಕಳ ಮಾತಿಲ್ಲ. ಎಣ್ಣೆಯ ಮಾತು, ನೊಣದ ಮಾತು. ಸಂಘದ ಅಧ್ಯಕ್ಷರಾದ ರಶೀದ ಅಹ್ಮದ ಸಾಹೇಬರು ರೆಸ್ಟೋರೆಂಟಿನ ಪಕ್ಷ. "ಅಲ್ಲಿ ಕೂತು ಉಣ್ಣೋದಕ್ಕ ಒಂದು ಇಜ್ಜತ್ ಅದ ರೀ ಬಾಯಾರ. ಇಲ್ಲಿ ಚರಂಡಿ ಮ್ಯಾಲ ನಿಂತು ತಿನ್ನಬೇಕಾ?" ಎಂದು ನನಗೆ ಹೇಳುತ್ತಾರೆ. ಹಿಂದಿನ ಓಣಿಯ ಹಮೀದುನ್ನಿಸಾ ಬಿಡುವವಳಲ್ಲ: "ಸಾಹೇಬ್ರ, ಅಲ್ಲಿ ಪನೀರ್ ಎಷ್ಟು ಹಳೇದು ಅಂದ್ರ, ನನಕಿಂತ ಮೊದಲ ಅದಕ್ಕ ಪೆನ್ಶನ್ ಬರ್ತದ ನೋಡ್ರಿ!" ಇದು ಹಾಸ್ಯವಾಗಿಯೇ ಉಳಿಯಬಹುದಿತ್ತು. ಆದರೆ ಅದೇ ವಾರ ಇಬ್ಬರು ಮಕ್ಕಳಿಗೆ ಹೊಟ್ಟೆ ಕೆಟ್ಟು ವಾಂತಿಯಾಯಿತು. ಒಬ್ಬ ಗಾಡಿಯಲ್ಲಿ ತಿಂದಿದ್ದ. ಇನ್ನೊಬ್ಬಳು ಗಾಡಿಯಲ್ಲಿಯೂ ತಿಂದಿದ್ದಳು, ರೆಸ್ಟೋರೆಂಟಿನಲ್ಲಿಯೂ ತಿಂದಿದ್ದಳು. ಬೆರಳು ಮಾತ್ರ ಗಾಡಿಯ ಕಡೆಗೇ ತಿರುಗಿತು.

ಸರಿಯಾಗಿ ಅದೇ ಹೊತ್ತಿಗೆ ಫಲಕ ಬಂತು. ಮುನ್ನಿಬೀಯ ಸೊಸೆ ತರನ್ನುಮ ಉರ್ದು ಶಾಲೆಯಲ್ಲಿ ಓದಿದ ಹುಡುಗಿ. ಅಂಗಡಿಗಳ ಫಲಕಗಳಲ್ಲಿ ಕನ್ನಡವಿರಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ, ಯಾರನ್ನೂ ಕೇಳದೆ, ತಾನೇ ಕುಂಚ ಹಿಡಿದು ತಗಡಿನ ಮೇಲೆ ಬರೆದಳು. ಅಕ್ಷರ ದುಂಡಗಿದ್ದವು, ಒತ್ತಕ್ಷರ ಸರಿಯಾಗಿದ್ದವು. ಜಗಲಿಯಿಂದ ಓದಿ ಸಂತೋಷಪಡಬೇಕೆನ್ನುವಷ್ಟರಲ್ಲಿ ಅರ್ಥ ತಿಳಿದು ಬೆಚ್ಚಿಬಿದ್ದೆ. "ಇಲ್ಲಿ ನಿನ್ನೆಯ ಊಟ ಸಿಗುತ್ತದೆ" ಎಂದಿತ್ತು! ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು ಇತ್ತು. ಅದರ ಮುಂದೆ ನೀರಿನ ಡ್ರಮ್ಮು ನಿಂತದ್ದರಿಂದ ನನಗೆ ಕಾಣಲಿಲ್ಲ. ಮಧ್ಯಾಹ್ನದೊಳಗೆ ಮೇಲಿನ ಸಾಲಿನ ಫೋಟೋ ಎಲ್ಲರ ಮೊಬೈಲಿಗೆ ಬಂತು. ಹಳಸಿದ್ದನ್ನು ಮಾರುತ್ತೇನೆಂದು ತಾನೇ ಬರೆದುಕೊಂಡವಳನ್ನು ಇನ್ನೂ ವಿಚಾರಿಸುವುದೇನಿದೆ ಎಂದು ಜನ ಹೇಳಿದರು. ಸಂಜೆ ಸಮುದಾಯ ಭವನದಲ್ಲಿ ಸಭೆ ಕರೆದರು.

ಆ ಸಭೆಯನ್ನು ನೀನು ನೋಡಬೇಕಿತ್ತು. ರಶೀದ ಸಾಹೇಬರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವರು ಫೋಟೋವನ್ನು ಎತ್ತಿ ಹಿಡಿದು, ಮುನ್ನಿಬೀಗೆ ತಿಳಿಯಲೆಂದು ದಖನಿ ಉರ್ದುವಿನಲ್ಲಿಯೇ ಕೇಳಿದರು: "ಕ್ಯಾ ಮುನ್ನಿಬೀ, ತುಮ್ ಲೋಗಾಂ ಕಲ್ ಕಾ ಖಾನಾ ಬೇಚ್ತೇ?" ನಿನ್ನೆಯ ಊಟ ಮಾರುತ್ತೀರಾ ಎಂಬುದು ಅವರ ಪ್ರಶ್ನೆ. ಮುನ್ನಿಬೀ ಸೆರಗು ಸರಿಪಡಿಸಿಕೊಂಡು, ಎದೆಯೆತ್ತಿ ಹೇಳಿದಳು: "ಹೌ, ಕಲ್ ಕಾಚ್ ಖಾನಾ ಬೇಚ್ತೇ. ಉಸ್ ಮೇಂ ಐಬ್ ಕ್ಯಾ ಹೈ?" ಹೌದು, ಅದನ್ನೇ ಮಾರುತ್ತೇವೆ, ಅದರಲ್ಲಿ ನಾಚಿಕೆಪಡುವಂಥದ್ದೇನಿದೆ ಎಂದು ಸಭೆಯನ್ನೇ ಕೇಳಿದಳು! ಭವನದಲ್ಲಿ ಎದ್ದ ಗದ್ದಲ ಹೇಳತೀರದು. "ಕೇಳಿದಿರೇನ್ರೀ? ಬಾಯಿ ಬಿಟ್ಟು ಹೇಳ್ತಾಳ!" "ಶರಮಿಲ್ಲ, ಹಯಾ ಇಲ್ಲ!" ತರನ್ನುಮ ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದಳು. ತಾನು ಬರೆದದ್ದು ಸರಿ, ಅತ್ತೆ ಹೇಳಿದ್ದು ಸರಿ, ಹಾಗಿದ್ದರೆ ಇವರೆಲ್ಲ ಬೈಯುವುದು ಯಾತಕ್ಕೆ ಎಂಬುದೇ ಅವಳಿಗೆ ತಿಳಿಯದು.

ನಾನು ಎದ್ದು ಫಲಕವನ್ನೇ ತರಿಸಿದೆ. ಪೂರ್ತಿ ವಾಕ್ಯ ಓದದೆ ತಪ್ಪು ಗುರುತು ಹಾಕುವ ಅಭ್ಯಾಸ ನನಗಿಲ್ಲ. ಕೆಳಗಿನ ಸಾಲಿನಲ್ಲಿ "ಇಂದೇ ಹೇಳಿರಿ" ಎಂದಿತ್ತು. ನಿನ್ನೆ ಉಳಿದದ್ದನ್ನು ಕೊಳ್ಳುವವನು ಇಂದು ಮುಂಗಡ ಹೇಳುವುದೇಕೆ? ಆಗ ಹೊಳೆಯಿತು. ತರನ್ನುಮಳನ್ನು ಹತ್ತಿರ ಕರೆದು, "ಮಗಳೇ, ನೀನು ಬರೆದ ಈ ಕಲ್ ಆಗಿಹೋದ ಕಲ್ಲೋ, ಬರುವ ಕಲ್ಲೋ?" ಎಂದು ಕೇಳಿದೆ. ಅವಳು ಅಳುವ ದನಿಯಲ್ಲಿ, "ಬರೋ ಕಲ್ ರೀ ಬಾಯಾರ! ಶಾದಿ, ಜನ್ಮದಿನ ಇದ್ರ ಇವತ್ತ ಹೇಳಬೇಕು, ನಾಳಿ ತಾಜಾ ಮಾಡಿ ಕೊಡ್ತೇವಿ ಅಂತ" ಎಂದಳು. ಉರ್ದುವಿನಲ್ಲಿ ಹಿಂದಿನ ದಿನಕ್ಕೂ ಮುಂದಿನ ದಿನಕ್ಕೂ ಕಲ್ ಒಂದೇ ಪದ. ಕನ್ನಡದಲ್ಲಿ ಎರಡು ಪದಗಳಿವೆ. ಅವಳಿಗೆ ಮೊದಲು ನೆನಪಾದದ್ದು ನಿನ್ನೆ. ನಾನು ಅದನ್ನು ಸಭೆಗೆ ವಿವರಿಸಿದೆ. ರಶೀದ ಸಾಹೇಬರು ಹಣೆ ಬಡಿದುಕೊಂಡರು. "ಅಲ್ಲಾ ಅಲ್ಲಾ! ನಂದೇ ಜಬಾನು, ನನಗೇ ಮೋಸ ಮಾಡ್ತಲ್ಲ ಬಾಯಾರ!" ಎಂದರು. ಭವನದಲ್ಲಿ ನಗೆ ಶುರುವಾಯಿತು; ಹಮೀದುನ್ನಿಸಾ ನಕ್ಕು ನಕ್ಕು ಕುರ್ಚಿಯ ತೋಳು ಹಿಡಿದುಕೊಂಡಳು.

ಆದರೆ ಪದ ತಿದ್ದಿದ ಮಾತ್ರಕ್ಕೆ ಮಕ್ಕಳ ವಾಂತಿಗೆ ಉತ್ತರ ಸಿಕ್ಕಂತಾಗಲಿಲ್ಲ. ಅದನ್ನೂ ನಾನು ಸಭೆಯಲ್ಲಿ ಹೇಳಿದೆ. ಮರುದಿನ ನಾನು, ರಶೀದ ಸಾಹೇಬರು ಮತ್ತು ಹಮೀದುನ್ನಿಸಾ ಎರಡೂ ಕಡೆ ಹೋಗಿ ನೋಡಿದೆವು. ಮುನ್ನಿಬೀಯ ಎಣ್ಣೆ ತಿಳಿಯಾಗಿತ್ತು, ತೊಗರಿಬೇಳೆ ಒಳ್ಳೆಯದಿತ್ತು. ನೀರಿನ ಡ್ರಮ್ಮಿಗೆ ಮುಚ್ಚಳವೇ ಇರಲಿಲ್ಲ. ನಾನು ನಿಷ್ಠುರವಾಗಿ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಬಾಯಾರ, ನೀವು ರಿಟೈರ್ ಆಗೀರಿ ಅಂತ ಯಾರಂದ್ರು? ಇನ್‌ಸ್ಪೆಕ್ಟರ್ ಆಗಿ ಬಂದೀರಿ!" ಎಂದಳು. ಸಂಜೆಯ ಹೊತ್ತಿಗೆ ಮುಚ್ಚಳ ಬಂದಿತ್ತು. ಧೂಳಪ್ಪನವರ ಅಡುಗೆಮನೆಯಲ್ಲಿ ನೀರಿಗೆ ದೊಡ್ಡ ಫಿಲ್ಟರ್ ಇದೆ, ನೆಲ ಕನ್ನಡಿಯಂತಿದೆ. ಆದರೆ ಫ್ರಿಜ್ಜಿನಲ್ಲಿದ್ದ ಗ್ರೇವಿ ಯಾವ ದಿನದ್ದೆಂದು ಅಡುಗೆಯವರಿಗೇ ಗೊತ್ತಿರಲಿಲ್ಲ. ಧೂಳಪ್ಪನವರು ಜಗಳವಾಡಲಿಲ್ಲ, ನಾಚಿದರು. ನಮ್ಮ ಕಣ್ಣೆದುರಿಗೇ ಅದನ್ನು ಚೆಲ್ಲಿಸಿ, "ಮುನ್ನಿಬೀ ನಮ್ಮಲ್ಲಿಂದನ ನೀರು ಒಯ್ಯಲಿ ರೀ. ನನ್ನ ಗಿರಾಕಿಗಳಿಗೂ ಮುಂಜಾನಿ ಆಕಿ ಖಿಚಡೀನ ಬೇಕಾಗ್ತದ" ಎಂದರು. ಮಕ್ಕಳಿಗೆ ಯಾವುದರಿಂದ ಹೊಟ್ಟೆ ಕೆಟ್ಟಿತೆಂದು ಈಗಲೂ ಖಚಿತವಾಗಿ ಹೇಳಲಾರೆ. ಇಬ್ಬರೂ ಗುಣವಾಗಿ ಶಾಲೆಗೆ ಹೋಗುತ್ತಿದ್ದಾರೆ. ಇನ್ನು ಮುಂದೆ ಬಡಾವಣೆಯ ಯಾರೇ ಆಗಲಿ, ಯಾವ ಹೊತ್ತಿನಲ್ಲಾಗಲಿ, ಎರಡೂ ಕಡೆಯ ಅಡುಗೆಯ ಜಾಗ ನೋಡಬಹುದೆಂದು ಸಂಘ ಗೊತ್ತುಪಡಿಸಿದೆ. ಹಾಗಾಗಿ ಗಾಡಿಗೆ ಉಳಿದ ತೊಡಕು ನಿಲ್ಲುವ ಜಾಗದ್ದು ಮಾತ್ರ. ಸಂಘದವರು ನಿನಗೆ ಪತ್ರ ಬರೆದದ್ದು ಸಭೆಗೆ ಮೊದಲು. ಆ ಮೇಲೆ ಇನ್ನೊಂದು ಪತ್ರ ಬರೆಯಲು ರಶೀದ ಸಾಹೇಬರಿಗೆ ಮುಜುಗರ.

ವಿಶ್ವಾಸಾ, ಜಾಗ ಕೈಬಿಟ್ಟು ಹೋದೀತೆಂಬ ನಿನ್ನ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಮೆಹಕರದ ಹೊಲದ ಬದುವಿಗಾಗಿ ಅಪ್ಪ ಎಷ್ಟು ಅಲೆದನೆಂಬುದು ನನಗೂ ಗೊತ್ತು. ಅದಕ್ಕಾಗಿಯೇ ಹನ್ನೊಂದು ತಿಂಗಳ ಕರಾರು ಬರೆಸಿದ್ದೇನೆ. ತಗಡು ಹಾಕುವಂತಿಲ್ಲ, ರಾತ್ರಿ ಗಾಡಿ ಬಿಡುವಂತಿಲ್ಲ. ಮುನ್ನಿಬೀ ಓದಿಸಿಕೊಂಡು, ಕೇಳಿಕೊಂಡು ಹೆಬ್ಬೆಟ್ಟು ಒತ್ತಿದ್ದಾಳೆ. ಆದರೆ ಕಾಗದದ ಆಚೆಗೂ ಒಂದು ಮಾತಿದೆ. ಭಾಲ್ಕಿಯ ಸ್ಟೇಷನ್ ಕಡೆಯ ಆ ಹೋಟೆಲಿನಲ್ಲಿ ಅಪ್ಪನಿಗೆ ಗೂಡಿನಲ್ಲಿಟ್ಟ ಬೇರೆ ಚಹಾ ಕಪ್ಪು ಕೊಡುತ್ತಿದ್ದುದು, ಅಪ್ಪ ಅಂಗಳದಲ್ಲಿ ನಿಂತು ಕುಡಿದು ತಾನೇ ತೊಳೆದಿಡುತ್ತಿದ್ದುದು ನಿನಗೆ ನೆನಪಿರಲಿಕ್ಕಿಲ್ಲ. ನೀನು ಆಗ ಅಪ್ಪನ ಹೆಗಲ ಮೇಲಿದ್ದೆ. ಅವರೂ ಅದಕ್ಕೆ ಸ್ವಚ್ಛತೆ ಎಂದೇ ಹೆಸರಿಟ್ಟಿದ್ದರು. ಸ್ವಚ್ಛತೆಯ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಈ ಬಡಾವಣೆಯಲ್ಲಿಲ್ಲ. ಅದಕ್ಕಾಗಿಯೇ ಅದನ್ನು ನೀರಿನಲ್ಲಿ, ಎಣ್ಣೆಯಲ್ಲಿ, ಪಾತ್ರೆಯಲ್ಲಿ ನೋಡಬೇಕೆನ್ನುತ್ತೇನೆ. ಮುಖ ನೋಡಿ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಅಪ್ಪ ಕೊಂಡ ಜಾಗದಲ್ಲಿ ಯಾರೋ ನಾಲ್ಕು ಜನ ನಿಂತು, ಒಂದೇ ಬಗೆಯ ಪ್ಲೇಟಿನಲ್ಲಿ ಬಿಸಿ ಖಿಚಡಿ ತಿನ್ನುವುದು ಅಪ್ಪನಿಗೆ ಹಿಡಿಸುತ್ತಿತ್ತು. ಇದು ನನ್ನ ಖಚಿತ ಅಭಿಪ್ರಾಯ.

ಹೊಸ ಫಲಕವನ್ನು ತರನ್ನುಮಳೇ ಬರೆಯುತ್ತಿದ್ದಾಳೆ. ಪ್ರತಿ ಮಂಗಳವಾರ ನನ್ನಲ್ಲಿಗೆ ಕನ್ನಡ ಕಲಿಯಲು ಬರುತ್ತೇನೆಂದಿದ್ದಾಳೆ. ಬದಲಿಗೆ ನನಗೆ ಉರ್ದು ಅಕ್ಷರ ಕಲಿಸುತ್ತಾಳಂತೆ. ಈ ವಯಸ್ಸಿನಲ್ಲಿ ನನಗೆ ಯಾರಾದರೂ ಶುದ್ಧಬರಹ ತಿದ್ದುವವರಿದ್ದಾರೆಂದರೆ ಖುಷಿಯಾಗುತ್ತದೆ.

ಮಹಾಮಾಯಾಳಿಗೆ ನನ್ನ ಪ್ರೀತಿ, ಮಗಳು ಕರುಣಾಳಿಗೆ ಆಶೀರ್ವಾದ. ನಿನ್ನ ತಲೆಯ ಮೇಲೆ ನನ್ನ ಕೈ ಎಂದಿನಂತೆ ಇದೆ; ಅಗತ್ಯ ಬಿದ್ದರೆ ಕಿವಿಗೂ ಬರುತ್ತದೆ.

ನಿನ್ನ ಅಕ್ಕ,
ಜಿಜಾಬಾಯಿ ಪಂಢರಿ ಸಿಂಧೆ

ಮರೆತಿದ್ದೆ, ಅಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಇದು ನಿನಗೆ ಮಾತ್ರ, ಸಂಘದ ಪ್ರತಿಯಲ್ಲಿ ಇರುವುದಿಲ್ಲ. ನಿನ್ನೆ ನಗರಸಭೆಯವರು ಗಾಡಿ ಎತ್ತಲು ಟ್ರಾಕ್ಟರ್ ತಂದಿದ್ದರು. ಮುನ್ನಿಬೀ ಚಕ್ರ ಹಿಡಿದುಕೊಂಡು ಕುಳಿತಿದ್ದಳು. ನನಗೆ ನೋಡಲಾಗಲಿಲ್ಲ. ನಮ್ಮ ಗೇಟು ತೆರೆದು, "ನನ್ನ ತಮ್ಮ ಒಪ್ಪ್ಯಾನ, ಸಹಿ ಟಪಾಲಿನಾಗ ಬರ್ಲಿಕ್ಕತ್ತದ" ಎಂದುಬಿಟ್ಟೆ. ಶಾಲೆಯ ಬಾಯಾರ ಮಾತೆಂದು ಅವರು ನಂಬಿ, ಮುಂದಿನ ಸೋಮವಾರ, ೨೫ನೇ ತಾರೀಖಿನ ತನಕ ಅವಧಿ ಕೊಟ್ಟು ಹೋದರು. ಗಾಡಿ ಈಗ ನಮ್ಮ ಮೂಲೆಯಲ್ಲಿಯೇ ನಿಂತಿದೆ. ಗೈರುಹಾಜರಾದ ಮಗುವಿಗೆ ನಾನು ಒಂದು ದಿನವೂ ಹಾಜರಿ ಹಾಕಿದವಳಲ್ಲ. ಈಗ ನಿನಗೆ ಹಾಕಿದ್ದೇನೆ. ಬೈಯುವುದಿದ್ದರೆ ಫೋನಿನಲ್ಲಿ ಬೈಯಿ. ಸಹಿ ಮಾತ್ರ ಟಪಾಲಿನಲ್ಲಿ ಕಳಿಸು.

ಲಗತ್ತುಗಳು:
೧. ಒಪ್ಪಿಗೆ ಪತ್ರ, ಎರಡು ಪ್ರತಿ. (ನನ್ನ ಸಹಿಯ ಕೆಳಗೆ ನಿನ್ನ ಜಾಗ ಖಾಲಿ ಇದೆ. ಕಪ್ಪು ಶಾಯಿ ಬಳಸು.)
೨. ಮುನ್ನಿಬೀಯೊಂದಿಗಿನ ಹನ್ನೊಂದು ತಿಂಗಳ ಕರಾರಿನ ನಕಲು.
೩. ಎರಡೂ ಅಡುಗೆಮನೆಗಳ ಕುರಿತು ಸಂಘದ ಠರಾವು, ರಶೀದ ಅಹ್ಮದ ಸಾಹೇಬರ ಸಹಿಯೊಂದಿಗೆ.
೪. ನನ್ನ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆ ಒಂದು.