ಎರ್ನಾನನ ನೀರು

ಮರಿಯಾ ಎಲೆನಾ,
ಸೆಪ್ಟೆಂಬರ್ 6, 2017, ಬುಧವಾರ ಬೆಳಿಗ್ಗೆ

ಮಗಳೇ ಯಸ್ನಾ,

ಮೇಲೆ "ಪ್ರೀತಿಯ" ಅಂತ ಬರೆದು ಹೊಡೆದುಹಾಕಿದ್ದೇನೆ, ಕಾಣಿಸಿದರೆ ಕಾಣಿಸಲಿ. ಹೇಗಿದ್ದೀಯ? ಮೀನಿನ ಕಾರ್ಖಾನೆಯಲ್ಲಿ ನಿಂತೂ ನಿಂತೂ ನಿನಗೆ ಸೊಂಟ ಹಿಡಿದುಕೊಂಡಿದೆ ಅಂತ ಪಕ್ಕದ ಮನೆ ಎದಿತ್ ಹೇಳಿದಳು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡು, ನಿನ್ನ ಅಪ್ಪನಿಗೆ ಅದೇ ಹಿಡಿಸುತ್ತಿತ್ತು. ಕೊಕಿಂಬೊದ ಸಮುದ್ರದ ಥಂಡಿಗೆ ಉಣ್ಣೆ ಹಾಕಿಕೊ. ನಾನು ಚೆನ್ನಾಗಿದ್ದೇನೆ. ಮೂಗಿನ ಚರ್ಮ ಸುಲಿದಿದೆ, ತೊಡೆ ಹಿಡಿದುಕೊಂಡಿದೆ, ಬೇರೇನಿಲ್ಲ. ಎಂಟು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಸಿಟ್ಟು ಇಳಿದು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಅಕ್ಷರ ಸೊಟ್ಟಗಿದ್ದರೆ ಓದಿಕೊ, ಹಿಟ್ಟಿನ ಚೀಲದ ಮೇಲಿನದನ್ನು ನೋಡಿ ಕಲಿತವಳು ನಾನು, ನಿನಗೆ ಗೊತ್ತಲ್ಲ.

ವಿಷಯ ಏನೆಂದರೆ, ಹೋದ ವಾರ ನಾನು ಸೈಕಲ್ ಯಾತ್ರೆಗೆ ಹೋಗಿದ್ದೆ. ನಗಬೇಡ. ನಮ್ಮ ಮರಿಯಾ ಎಲೆನಾದಿಂದ ಬಂದರಿನ ಊರು ಆಂತೊಫಗಾಸ್ತಾಗೆ ಮೂರು ದಿನ. ಡಯಾಲಿಸಿಸ್‌ಗೆ ಅಂತ ನಮ್ಮ ಮರುಭೂಮಿಯ ಬಯಲಿನಿಂದ ಅಲ್ಲಿಗೆ ಹೋಗುವವರು ಉಳಿದುಕೊಳ್ಳಲು ಒಂದು ಮನೆ ಕಟ್ಟಬೇಕಂತೆ, ಅದಕ್ಕೆ ದಾನ ಕೂಡಿಸುವ ಸವಾರಿ. ನಿನ್ನ ಅಪ್ಪ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಎಷ್ಟು ರಾತ್ರಿ ಕಳೆದರು ಅಂತ ನಾನು ಮರೆತಿಲ್ಲ. ಅದಕ್ಕೇ ಹೆಸರು ಕೊಟ್ಟೆ. ಸೈಕಲ್ ಅದೇ, ನಾನು ಬ್ರೆಡ್ ಮಾರುವುದು, ಮುಂದೆ ಬುಟ್ಟಿ ಇರುವುದು. ಬಂದರಿನಿಂದ ಬಂದಿದ್ದ ಮೂವತ್ತು ಜನರೂ ಮೀನಿನ ಹಾಗೆ ಹೊಳೆಯುವ ಬಟ್ಟೆ ಹಾಕಿಕೊಂಡಿದ್ದರು. ಅವರ ಮುಂದಾಳು ವ್ಲಾಡಿಮಿರ್ ಅಂತ, ನಲವತ್ತರ ಗಂಡಸು, ಮೊದಲ ದಿನವೇ ನನ್ನ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, "ಏನಜ್ಜೀ, ಇದು ನಮ್ಮಪ್ಪನಿಗಿಂತ ಹಳೇದಿರಬೇಕಲ್ಲ" ಅಂದ. "ನಿಮ್ಮಪ್ಪನ ಮಂಡಿಗಿಂತ ಚೆನ್ನಾಗಿ ಓಡುತ್ತೆ ಮಗಾ" ಅಂದೆ. ಎಲ್ಲರೂ ನಕ್ಕರು, ಅವನು ನಗಲಿಲ್ಲ. ಅಲ್ಲಿಂದ ನಮಗಿಬ್ಬರಿಗೂ ಎಣ್ಣೆ ಸೀಗೆಕಾಯಿ.

ಎರಡನೆಯ ದಿನ ಕಾರ್ಮೆನ್ ಆಲ್ಟೊದಿಂದ ಬಾಕೆದಾನೊಗೆ. ಯಾವ ರಸ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ಎಂಟು ವರ್ಷದಿಂದ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ನಾನು ಪರದೆ ಎಳೆದುಕೊಂಡು ಕೂರುತ್ತೇನೆ. ಸೈಕಲ್ಲಿಗೆ ಪರದೆ ಇಲ್ಲ. ತಲೆ ತಗ್ಗಿಸಿ ಮುಂದಿನ ಚಕ್ರ ನೋಡಿಕೊಂಡು ದಾಟಿಬಿಡುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಗಣಿಯ ಲಾರಿಗಳು ಒಂದಾದ ಮೇಲೊಂದು ಮೈ ಸವರಿಕೊಂಡೇ ಹೋಗುತ್ತಿದ್ದವು. ಒಬ್ಬ ಡ್ರೈವರ್ ಕಿಟಕಿಯಿಂದ ಕೂಗಿ ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ, ನನ್ನ ವಯಸ್ಸಿಗಾದರೂ ಮರ್ಯಾದೆ ಕೊಡಬೇಕಿತ್ತು. ಹತ್ತು ಗಂಟೆ ಹೊತ್ತಿಗೆ ರಸ್ತೆ ಬದಿಯ ಆ ಪುಟ್ಟ ಗುಡಿ, ಮರುಭೂಮಿಯಲ್ಲಿ ಬಾಯಾರಿ ಸತ್ತ ತಾಯಿಯ ಗೂಡು ಬಂತು. ನಾನು ಇಳಿದು, ನಾವು ಬಯಲಿನವರು ಮಾಡುವ ಹಾಗೆ, ನನ್ನ ಎರಡೂ ಬಾಟಲಿಗಳನ್ನು ಆ ತಾಯಿಯ ಮುಂದೆ ಇಟ್ಟೆ. ವ್ಲಾಡಿಮಿರ್ ಓಡಿಸುತ್ತಿದ್ದ ನೀರಿನ ವ್ಯಾನು ಹಿಂದೆಯೇ ಇತ್ತಲ್ಲ, ತುಂಬಿಸಿಕೊಳ್ಳೋಣ ಅಂತ. ವ್ಲಾಡಿಮಿರ್ ವ್ಯಾನಿನ ಕಿಟಕಿಯಿಂದ ನೋಡಿದವನು, "ಅಜ್ಜೀ, ಬದುಕಿರೋರಿಗೆ ಅಂತ ಹೊತ್ತು ತಂದ ನೀರು ಇದು, ಸತ್ತೋರಿಗೆ ಹಂಚೋಕಲ್ಲ. ಸಾಕು, ವ್ಯಾನ್ ಹತ್ತಿ, ನಿಮ್ಮಿಂದ ಎಲ್ಲರಿಗೂ ತಡ" ಅಂದ. ನನ್ನ ಬಾಯಿ ಗೊತ್ತಲ್ಲ. "ನಿನ್ನ ನೀರು ನೀನೇ ಕುಡಿ" ಅಂದುಬಿಟ್ಟೆ. ಅಷ್ಟರಲ್ಲಿ ಮುಂದೆ ಯಾರೋ ತಲೆ ಸುತ್ತಿ ಬಿದ್ದರು ಅಂತ ಫೋನ್ ಬಂತು. ಅವನು ನನ್ನನ್ನು ಒಮ್ಮೆ ನೋಡಿದ, ವ್ಯಾನು ಓಡಿಸಿಕೊಂಡು ಹೋದ. ತಿರುಗಿ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎದುರುಗಾಳಿ ಎದ್ದಿತು. ಆ ಗಾಳಿ ನಮ್ಮನ್ನು ಕಂಡರಾಗದ ನೆಂಟನ ಹಾಗೆ ಎದೆಗೆ ಕೈಯಿಟ್ಟು ತಳ್ಳುತ್ತದೆ. ಪೆಡಲ್ ತುಳಿದರೆ ಸೈಕಲ್ ನಿಂತಲ್ಲೇ ನಿಲ್ಲುತ್ತಿತ್ತು. ಇಳಿದು ತಳ್ಳಿಕೊಂಡು ನಡೆದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಉಗುಳೂ ಇಲ್ಲ. ಬುಟ್ಟಿಯಲ್ಲಿ ಎರಡು ಬ್ರೆಡ್ಡಿತ್ತು, ಒಂದು ಚೂರು ಬಾಯಿಗೆ ಹಾಕಿದರೆ ಮರಳು ತಿಂದ ಹಾಗಾಯಿತು, ಉಗಿದುಬಿಟ್ಟೆ. ಕೈ ಅಡ್ಡ ಹಿಡಿದರೆ ಲಾರಿಗಳು ನಿಲ್ಲಲಿಲ್ಲ, ಇನ್ನೂ ಜೋರಾಗಿ ಹೋದವು. ಕಣ್ಣು ಕತ್ತಲಿಟ್ಟಿತು. ಎಲ್ಲಿ ಕುಸಿದು ಕೂತೆ ಅಂತಲೂ ನೋಡಿರಲಿಲ್ಲ. ಆಮೇಲೆ ಒಂದು ಲಾರಿ ಉದ್ದಕ್ಕೆ ಹಾರನ್ ಹಾಕಿಕೊಂಡು ಹೋಯಿತು. ಅದರ ಹಿಂದಿನದೂ ಹಾಕಿತು. ರಸ್ತೆಯಲ್ಲಿ ಸತ್ತವರ ಗೂಡು ದಾಟುವಾಗ ಹಾಗೆ ಹಾಕುತ್ತಾರಲ್ಲ, ಅದು. ತಲೆ ಎತ್ತಿದೆ. ನೀಲಿ ತಗಡಿನ ಮಾಡು, ನಿನ್ನ ಕಾರಿನ ನಂಬರ್ ಪ್ಲೇಟು, ಕಲ್ಲಿನ ಮೇಲೆ ನನ್ನ ಮಗ ಎರ್ನಾನನ ಹೆಸರು.

ಅವನ ಗೆಳೆಯರು ಕಟ್ಟಿದರು ಅಂತ ಕೇಳಿದ್ದೆ. ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿರಲಿಲ್ಲ. ಬಣ್ಣ ಹೊಸದಾಗಿತ್ತು. ಒಳಗೆ ಏಳು ಬಾಟಲಿ ನೀರು ಸಾಲಾಗಿ ನಿಂತಿದ್ದವು. ಹಳೆಯವು ಬಿಸಿಲಿಗೆ ಹಾಲಿನ ಬಣ್ಣಕ್ಕೆ ತಿರುಗಿದ್ದವು, ಕೊನೆಯ ಎರಡು ಮಾತ್ರ ತಿಳಿಯಾಗಿದ್ದವು. ಒಂದೊಂದರ ಮುಚ್ಚಳದ ಮೇಲೂ ಕೆಂಪು ಉಗುರುಬಣ್ಣದಲ್ಲಿ ಇಸವಿ, ಪಕ್ಕಕ್ಕೆ "ಎರ್ನಾನಂದು, ಮುಟ್ಟಬೇಡಿ" ಅಂತ. ಮುಂದಿನದನ್ನು ನಾನು ಹೇಳಬೇಕೇ? ನಿಮ್ಮ ಚಿಕ್ಕಂದಿನಲ್ಲಿ ಅವನು ನಿನ್ನ ಪಾನಕ ಕದ್ದು ಕುಡಿಯುತ್ತಾನೆ ಅಂತ ನೀನು ನನ್ನ ಉಗುರುಬಣ್ಣ ಕದ್ದು ಬಾಟಲಿಯ ಮೇಲೆ "ಯಸ್ನಾದು, ಮುಟ್ಟಬೇಡಿ" ಅಂತ ಬರೆಯುತ್ತಿದ್ದೆ. ಅದಕ್ಕೆ ಇಬ್ಬರಿಗೂ ಪೆಟ್ಟು ಬೀಳುತ್ತಿತ್ತು. ಕೊಕಿಂಬೊದಿಂದ ಅಷ್ಟು ದೂರ ಪ್ರತಿ ವರ್ಷ ಬಂದಿದ್ದೀಯ, ಇನ್ನೊಂದು ಗಂಟೆಯ ದಾರಿ ಬಂದು ನನ್ನ ಬಾಗಿಲು ತಟ್ಟಲಿಲ್ಲ. ಆ ಬಿಸಿಲಲ್ಲಿ, ಆ ಸ್ಥಿತಿಯಲ್ಲೂ ನನಗೆ ಮೊದಲು ಬಂದದ್ದು ಸಿಟ್ಟೇ. ಮುಟ್ಟುವುದಿಲ್ಲ, ಇಲ್ಲೇ ಸಾಯುತ್ತೇನೆ, ಇವಳ ನೀರು ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಯಾರಿಗೆ ಹೇಳಿದೆನೋ. ಗೂಡಿಗೆ ಬೆನ್ನು ಕೊಟ್ಟು ಎಷ್ಟೋ ಹೊತ್ತು ಕೂತಿದ್ದೆ.

ಆಮೇಲೆ ಕುಡಿದೆ. ಕೊನೆಯ ಎರಡೂ ಬಾಟಲಿ. ಸ್ನಾನದ ನೀರಿನ ಹಾಗೆ ಬಿಸಿ, ಪ್ಲಾಸ್ಟಿಕ್ಕಿನ ವಾಸನೆ. ಮಗನ ಪಾಲಿನದನ್ನು ತಾಯಿ ಕುಡಿದಳು. ಬಿಸಿಲು ಇಳಿದ ಮೇಲೆ ಎದ್ದು ತಳ್ಳಿಕೊಂಡು ಬಾಕೆದಾನೊ ಮುಟ್ಟಿದೆ. ವ್ಲಾಡಿಮಿರ್ ನಿಲ್ದಾಣದ ಹತ್ತಿರ ನಿಂತಿದ್ದ, ಮುಖ ಬಿಳುಚಿಕೊಂಡಿತ್ತು. "ಎಲ್ಲಿ ಹೋಗಿದ್ರಿ ಅಜ್ಜೀ? ಎರಡು ಸಲ ಹುಡುಕಿಕೊಂಡು ಬಂದೆ" ಅಂದ. ಸುಳ್ಳು. "ಸತ್ತವರ ಹತ್ತಿರ ನೀರು ಕೇಳೋಕೆ ಹೋಗಿದ್ದೆ, ಅವರು ಕೊಟ್ಟರು" ಅಂದೆ. ಮೂರನೆಯ ದಿನ ಸಮುದ್ರ ಕಾಣುವವರೆಗೂ ವ್ಯಾನು ನನ್ನ ಹಿಂದೆಯೇ ನಡಿಗೆಯ ವೇಗದಲ್ಲಿ ಬಂತು. ಅವನಿಗೆ ನಾನು ಥ್ಯಾಂಕ್ಸ್ ಹೇಳಲಿಲ್ಲ, ಹೇಳುವುದೂ ಇಲ್ಲ.

ಮಣ್ಣು ಮಾಡಿದ ದಿನ ಎಲ್ಲರ ಎದುರು ನಾನು ನಿನಗೆ ಅಂದದ್ದು ನೆನಪಿದೆ. "ನಿನ್ನ ಅವಸರಕ್ಕೆ ನನ್ನ ಮಗ ಹೋದ" ಅಂದೆ. ಎದುರಿಗೆ ಬಸ್ಸು ಬರುತ್ತಿದ್ದರೂ ಲಾರಿಯನ್ನು ಹಿಂದೆ ಹಾಕಲು ಹೋದವಳು ನೀನು, ಅದರಲ್ಲಿ ಸುಳ್ಳಿಲ್ಲ. ನೀನು ನೆಲ ನೋಡಿಕೊಂಡು ನಿಂತಿದ್ದೆ, ಒಂದು ಮಾತು ಎದುರಾಡಲಿಲ್ಲ. ಅದೂ ನನಗೆ ಸಿಟ್ಟು ಬರಿಸಿತ್ತು.

ಕಾಗದ ಉದ್ದವಾಯಿತು. ಎದಿತ್ ನಿನ್ನನ್ನು ಕೇಳಿದಳು ಅಂತ ತಿಳಿಸಲು ಹೇಳಿದಳು. ಮೈ ಕಡೆ ನೋಡಿಕೊ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ನೋಡಿಕೊಳ್ಳಲಿ, ನನಗಂತೂ ಆಗಲಿಲ್ಲ.

ನಿನ್ನ ತಾಯಿ
ಗ್ರಿಸೆಲ್ದಾ

ಮರೆತಿದ್ದೆ: ಗೂಡಿನ ನೀರು ಕುಡಿದವರು ಎರಡರಷ್ಟು ತಂದಿಡಬೇಕು. ನಾಲ್ಕು ಬಾಟಲಿ ತುಂಬಿಸಿಟ್ಟಿದ್ದೇನೆ, ಕೆಂಪು ಉಗುರುಬಣ್ಣವೂ ತಂದಿದ್ದೇನೆ. ಮುಚ್ಚಳದ ಮೇಲೆ ಬರೆಯಲು ನನ್ನ ಕೈ ನಡುಗುತ್ತದೆ, ನೀನೇ ಬರೆಯಬೇಕು. ಅವನು ಹೋದ ದಿನ, ಅಕ್ಟೋಬರ್ ಹದಿನಾಲ್ಕಕ್ಕೆ ಹೇಗೂ ಬರುತ್ತೀಯಲ್ಲ, ಮೊದಲು ಮನೆಗೆ ಬಾ. ಬಸ್ ನಿಲ್ದಾಣಕ್ಕೆ ನಾನು ಬರುವುದಿಲ್ಲ, ಬಾಗಿಲು ತೆಗೆದಿರುತ್ತದೆ. ಇನ್ನೊಂದು. ಅವತ್ತು ನೀವಿಬ್ಬರೂ ಕಾರಿನಲ್ಲಿ ಬರುತ್ತಿದ್ದಾಗ, ಊಟ ಆರಿಹೋಗುತ್ತಿದೆ, ಎಲ್ಲಿದ್ದೀರಿ, ಬೇಗ ಬನ್ನಿ ಅಂತ ನಿನಗೆ ಮೂರು ಸಲ ಫೋನ್ ಮಾಡಿದವಳು ನಾನು. ಈ ಎಂಟು ವರ್ಷದಲ್ಲಿ ಅದನ್ನು ನೀನು ಯಾರಿಗೂ ಹೇಳಲಿಲ್ಲ.